ಒಂದೇ ಜಾಝ್ ಆಲ್ಬಮ್ಮಿಗೆ ಮೂರು ಬೆಲೆ ಯಾಕೆ, ಬಾರದ ಸೆಷನ್ನಿಗೆ ಎಷ್ಟು ದಿನ ಕಾಯಬೇಕು?

ಪ್ರಶ್ನೆ: ನಮಸ್ಕಾರ್ರಿ ಸರ್. ನಮ್ಮ ಮನಿ ಕಲಬುರಗ್ಯಾಗ ಅದ. ಮನ್ಸೂರ, ಭೀಮಸೇನ ಜೋಶಿ ಕೇಳಿ ಬೆಳದಾಂವ ನಾ, ಈಗ ಹತ್ತ ವರ್ಷದಿಂದ ಜಾಝ್ ಹುಚ್ಚು ಹಿಡದದ. 60ರ ಮ್ಯಾಲ ಸಿಡಿ ಅವ. ‘ಕೈಂಡ್ ಆಫ್ ಬ್ಲೂ’ ಅನ್ನೋ ಒಂದೇ ಆಲ್ಬಮ್ಮು 350 ರೂಪಾಯಿಗೂ ಸಿಗತದ, 1,400ಕ್ಕೂ ಸಿಗತದ, 3,800ಕ್ಕೂ ಸಿಗತದ. ಒಳಗಿನ ಟ್ರ್ಯಾಕ್ ಅವೇ ಅವ, ಫರಕ್ ಏನ್ರಿ? ಇನ್ನೊಂದು, ರೆಕಾರ್ಡ್ ಆದ ಎಷ್ಟೋ ಸೆಷನ್ ಇನ್ನೂ ಸಿಡಿಗೆ ಬಂದಿಲ್ಲ ಅಂತಾರ. ಕಾಯಬೇಕೋ, ಆಸೆ ಬಿಡಬೇಕೋ? ಕಡೀ ಮಾತು: ಒಂದ್ ಹಳೇ ಸಿಡಿ ಅಂಚಿಗೆ ಕಂದ ಬಣ್ಣ ತಿರುಗೇದ. ನಮ್ಮ ಬ್ಯಾಸಗಿ ಬಿಸಲಿಗೇ ಹಂಗ ಆತೇನು?

ಉತ್ತರ: ನಿಮ್ಮ ಮೊದಲಿನ ಎರಡು ಪ್ರಶ್ನೆಗಳ ಬೇರು ಒಂದೇ, ಟೇಪು. ಕೈಯಲ್ಲಿರುವ ಸಿಡಿ ಯಾವ ಟೇಪಿನಿಂದ ಬಂದದ್ದು ಎಂದು ತಿಳಿದರೆ ಬೆಲೆಯ ಗುಟ್ಟು ಬಿಚ್ಚಿಕೊಳ್ಳುತ್ತದೆ. ಬಾರದ ಸೆಷನ್ನಿನ ಟೇಪು ಇವತ್ತು ಯಾರ ಬಳಿ ಇದೆ ಎಂದು ತಿಳಿದರೆ ಕಾಯಬೇಕೋ ಬೇಡವೋ ಎಂಬುದೂ ತಿಳಿಯುತ್ತದೆ.

1950–60ರ ದಶಕದ ಜಾಝ್ ಸೆಷನ್ನಿಗೆ ಒಂದೇ ಟೇಪು ಇರುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಓಡಿದ ಮೂಲ ರೀಲು ಒಂದು. ಅದರಲ್ಲಿ ಆಯ್ದ ಟೇಕುಗಳನ್ನು (ಒಂದೇ ರಚನೆಯನ್ನು ನುಡಿಸಿದ ಒಂದೊಂದು ಸರದಿ ಒಂದು ಟೇಕು) ಕತ್ತರಿಸಿ ಅಂಟಿಸಿದ ಮಾಸ್ಟರ್ ಇನ್ನೊಂದು. ಎಲ್ಪಿ ಕೊರೆಯಲೆಂದು ಮಾಡಿಕೊಂಡ ನಕಲು ಮೂರನೆಯದು. ಸೂಜಿ ಗೀರಿನಿಂದ ಎಗರಬಾರದೆಂದು ಇದರಲ್ಲಿ ಬಾಸ್ ಇಳಿಸಿ, ಜೋರು-ಮೆಲು ದನಿಗಳ ಅಂತರವನ್ನು ಹಿಸುಕಿ ಇಟ್ಟಿರುತ್ತಿದ್ದರು. ಈ ನಕಲಿನ ನಕಲು ಹೊರದೇಶದ ಶಾಖೆಗಳಿಗೆ ಹೋಗುತ್ತಿತ್ತು. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ ಕಂಪನಿಗಳಿಗೆ ಅವಸರ. ಮೂಲ ರೀಲು ಹುಡುಕುವ ತಾಳ್ಮೆ ಇಲ್ಲದೆ, ಕೈಗೆ ಸಿಕ್ಕ ಮೂರನೆಯ ಇಲ್ಲವೇ ನಾಲ್ಕನೆಯ ತಲೆಮಾರಿನ ಟೇಪನ್ನೇ ಎಷ್ಟೋ ಸಲ ಸಿಡಿಗೆ ಇಳಿಸಿದರು. 1980ರ ದಶಕದ ಕೆಲವು ಸಿಡಿಗಳು ಬಡಕಲಾಗಿ, ತಗಡಿನಂತೆ ಕೇಳಿಸುವುದು ಇದಕ್ಕೇ, ತಪ್ಪು ಸಿಡಿಯದಲ್ಲ. 1990ರ ನಂತರ ಮೂಲ ರೀಲಿಗೆ ಮರಳುವ ರೂಢಿ ಬೆಳೆಯಿತು.

‘ಕೈಂಡ್ ಆಫ್ ಬ್ಲೂ’ ಇದಕ್ಕೆ ಒಳ್ಳೆಯ ಪಾಠ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಇದನ್ನು ಧ್ವನಿಮುದ್ರಿಸಿದ್ದು 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಕಂಪನಿಯ 30ನೇ ಬೀದಿಯ ಸ್ಟುಡಿಯೋದಲ್ಲಿ. ಮುಖ್ಯ ಯಂತ್ರದ ಪಕ್ಕದಲ್ಲಿ ಇನ್ನೊಂದು ಯಂತ್ರವೂ ಓಡುತ್ತಿತ್ತು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಮೊದಲ ದಿನ ಮುಖ್ಯ ಯಂತ್ರ ತುಸು ನಿಧಾನವಾಗಿ ಓಡಿತು. ನಿಧಾನವಾಗಿ ಬರೆದದ್ದನ್ನು ಸರಿಯಾದ ವೇಗದಲ್ಲಿ ಓದಿದರೆ ಎಲ್ಲವೂ ಸ್ವಲ್ಪ ಚುರುಕು, ಸ್ವರ ಸ್ವಲ್ಪ ಏರು. ಹೀಗೆ ಮೊದಲ ಮೂರು ತುಣುಕುಗಳು, ಅಂದರೆ ಎಲ್ಪಿಯ ಇಡೀ ಮೊದಲ ಬದಿ, ಮೂರು ದಶಕ ತಪ್ಪು ಶ್ರುತಿಯಲ್ಲೇ ಮಾರಾಟವಾದವು. 1992ರ ಒಂದು ವಿಶೇಷ ಸಿಡಿಗೆ ಪಕ್ಕದ ಯಂತ್ರದ ರೀಲು ಬಳಸಿದಾಗ ಸರಿಹೋಯಿತು. 1997ರಿಂದ ಕಂಪನಿಯ ಸಾಮಾನ್ಯ ಸಿಡಿಯಲ್ಲೂ ತಿದ್ದುಪಡಿ ಬಂತು.

ಮನ್ಸೂರರನ್ನು ಕೇಳಿ ಬೆಳೆದ ಕಿವಿಗೆ ಇದರ ಪರೀಕ್ಷೆ ಸುಲಭ. ಮೊದಲ ಟ್ರ್ಯಾಕು ‘ಸೋ ವಾಟ್’ ನಿಂತಿರುವುದು ಬಿಳಿ ಎರಡರ (ಹಾರ್ಮೋನಿಯಂನ ಎರಡನೆಯ ಬಿಳಿ ಮನೆ, ಡಿ) ಮೇಲೆ, ಅಲ್ಲಿ ಸಾ ಇಟ್ಟುಕೊಂಡರೆ ನಮ್ಮ ಕಾಫಿ ಥಾಟಿನ ಸ್ವರಗಳೇ. 32 ಬಾರುಗಳ (ನಾಲ್ಕು ಮಾತ್ರೆಗೊಂದು ಬಾರು) ಆವರ್ತದಲ್ಲಿ 16 ಅಲ್ಲಿ, 8 ಅರ್ಧ ಸ್ವರ ಮೇಲೆ, ಕೊನೆಯ 8 ಮತ್ತೆ ಕೆಳಗೆ. ಮೊಬೈಲಿನಲ್ಲಿ ತಾನಪುರದ ಆ್ಯಪ್ ತೆಗೆದು, ಏ ಸ್ವರಕ್ಕೆ 440 ಹರ್ಟ್ಜ್ ಇಟ್ಟು, ಬಿಳಿ ಎರಡಕ್ಕೆ ಶ್ರುತಿ ಹಿಡಿದು ಸಿಡಿ ಹಚ್ಚಿ. ತಿದ್ದಿದ ಅಚ್ಚು ಶ್ರುತಿಗೆ ಕೂಡುತ್ತದೆ, ಹಳೆಯದು ತುಸು ಮೇಲೆ ನಿಂತು ಕಿರಿಕಿರಿ ಮಾಡುತ್ತದೆ. ಮನೆಯ ಹಾರ್ಮೋನಿಯಂ ನಂಬಬೇಡಿ. ಅದು 440ಕ್ಕೇ ಇರುತ್ತದೆಂಬ ಖಾತ್ರಿ ಇಲ್ಲ. ಕಿವಿಗೆ ಬಿಡುವಿಲ್ಲದಿದ್ದರೆ ಗಡಿಯಾರ ನೋಡಿ: ತಿದ್ದಿದ ಅಚ್ಚಿನಲ್ಲಿ ಆ ಟ್ರ್ಯಾಕು 9 ನಿಮಿಷ 22 ಸೆಕೆಂಡಿನ ಹತ್ತಿರ ಇರುತ್ತದೆ, ಹಳೆಯದರಲ್ಲಿ ಅದಕ್ಕಿಂತ ಕಡಿಮೆ.

ಈಗ ಮೂರು ಬೆಲೆಗಳ ವಿಚಾರ. 350ರದು ಹೆಚ್ಚಾಗಿ ಎರಡರಲ್ಲಿ ಒಂದು. 1997ಕ್ಕೆ ಮುಂಚಿನ ಹಳೆಯ ಅಚ್ಚು ಇರಬಹುದು, ಇಲ್ಲವೇ ಯುರೋಪಿನ ಯಾವುದೋ ಸಣ್ಣ ಲೇಬಲ್ಲು (ರೆಕಾರ್ಡ್ ಕಂಪನಿ) ಹಕ್ಕು ಮುಗಿದ ಮೇಲೆ ಮಾಡಿದ್ದಿರಬಹುದು. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿ ಮೊದಲು 50 ವರ್ಷ ಇತ್ತು. 2013ರ ನವೆಂಬರಿನಿಂದ ಅದನ್ನು 70 ಮಾಡಿದರು, ಆದರೆ ಅಷ್ಟರಲ್ಲಿ ಹಕ್ಕಿನಿಂದ ಬಿಡುಗಡೆಯಾಗಿದ್ದವನ್ನು ಮತ್ತೆ ಒಳಗೆ ಕಟ್ಟಿಹಾಕಲಿಲ್ಲ. ಹಾಗಾಗಿ 1962ರ ಕೊನೆಯವರೆಗೆ ಪ್ರಕಟವಾದ ಜಾಝೆಲ್ಲ ಅಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದಾದ ಮಾಲು. ಜಾಝಿನ ಸುವರ್ಣಕಾಲವೂ ಸರಿಯಾಗಿ ಅದೇ ಗೆರೆಯ ಒಳಗಿದೆ ನೋಡಿ. (ನಮ್ಮಲ್ಲಿ ಲೆಕ್ಕ ಬೇರೆ: ಪ್ರಕಟವಾದ ಮರುವರ್ಷದಿಂದ 60 ವರ್ಷ.) ಅಲ್ಲಿಯ ಕಾನೂನಿಗೆ ಇದು ತಪ್ಪಲ್ಲ. ತೊಂದರೆ ಏನೆಂದರೆ, ಮೂಲ ಟೇಪು ಹಕ್ಕುದಾರ ಕಂಪನಿಯ ಕೋಣೆಯಲ್ಲೇ ಇದೆ, ಇವರಿಗೆ ಸಿಗುವುದಿಲ್ಲ. ಎಲ್ಪಿಯಿಂದಲೋ ಇನ್ನೊಬ್ಬರ ಸಿಡಿಯಿಂದಲೋ ಎತ್ತಿ, ಗೊರಗೊರ ತೆಗೆಯಲು ಸಾಫ್ಟ್‌ವೇರ್ ಹಾಯಿಸಿ ಇಳಿಸುತ್ತಾರೆ. ಗೊರಗೊರದ ಜೊತೆಗೆ ಡ್ರಮ್ಮಿನ ಪಕ್ಕದ ಹಿತ್ತಾಳೆ ತಾಳದ, ಅಂದರೆ ಸಿಂಬಲ್ಲಿನ, ಮಿನುಗೂ ಹೋಗುತ್ತದೆ.

ಗುರುತಿಸುವುದು ಕಷ್ಟವಲ್ಲ. ಹಿಂಬದಿಯಲ್ಲಿ ‘24 ಬಿಟ್ ರೀಮಾಸ್ಟರ್ಡ್’ (ಟೇಪಿನ ದನಿಯನ್ನು ಸಿಡಿಗೆಂದು ಮತ್ತೆ ಹದಗೊಳಿಸಿದ್ದು, ಅಂದರೆ ಹೊಸ ಮಾಸ್ಟರಿಂಗ್) ಎಂದಿರುತ್ತದೆ, ಆದರೆ ಯಾರು ಮಾಡಿದರು, ಯಾವ ಟೇಪಿನಿಂದ ಎಂದಿರುವುದಿಲ್ಲ. ಮೂಲ ಕಂಪನಿಯ ಪರವಾನಗಿಯ ಸಾಲು ಇರುವುದಿಲ್ಲ. ಒಂದೇ ಸಿಡಿಯಲ್ಲಿ ಎರಡು ಆಲ್ಬಮ್ಮು, ಅದರ ಮೇಲೆ ಸಂಬಂಧವಿಲ್ಲದ ‘ಬೋನಸ್’ ತುರುಕಿರುತ್ತಾರೆ. ಹಾಗೆಂದು ಎಲ್ಲ ಯುರೋಪಿ ಅಚ್ಚನ್ನೂ ತಳ್ಳಿಹಾಕಬೇಡಿ. 78 ಆರ್‌ಪಿಎಂ ತಟ್ಟೆಗಳ ಕಾಲದ ಸಂಗೀತಕ್ಕೆ ಟೇಪೇ ಇರಲಿಲ್ಲ, ಮೂಲವೆಂದರೆ ತಟ್ಟೆಯೇ. ಅಲ್ಲಿ ಗೆಲ್ಲುವುದು ಒಳ್ಳೆಯ ತಟ್ಟೆ ಸಂಪಾದಿಸಿ, ಗೀರಿಗೆ ತಕ್ಕ ಸೂಜಿ ಆರಿಸಿ, ಸರಿವೇಗ ಕಂಡುಕೊಂಡು ಇಳಿಸಿದವರು. ಇಂಗ್ಲೆಂಡಿನ ಜಾನ್ ಆರ್. ಟಿ. ಡೇವಿಸ್ ಆ ಕೆಲಸದಲ್ಲಿ ಎತ್ತಿದ ಕೈ. ಲೂಯಿ ಆರ್ಮ್‌ಸ್ಟ್ರಾಂಗರ 1920ರ ದಶಕದ ತಟ್ಟೆಗಳನ್ನು ಕೊಳ್ಳುವಾಗ ಅವರ ಹೆಸರಿರುವ ಅಚ್ಚು ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ.

1,400ರದು ಬಹುಶಃ ಕಂಪನಿಯ ಸಾಮಾನ್ಯ ಅಚ್ಚು. 1997ರ ನಂತರದ್ದಾದರೆ ನಿಮಗೆ ಅದೇ ಸಾಕು.

3,800ರದು ಜಪಾನಿನದಿರಬೇಕು. ಬೆನ್ನಿಗೆ ಸುತ್ತಿದ ಕಾಗದದ ಪಟ್ಟಿ ‘ಓಬಿ’, ಮೂಲ ಹೊದಿಕೆಯ ಅಚ್ಚುಕಟ್ಟಾದ ಪ್ರತಿ, ಜೊತೆಗೆ ‘ಎಸ್‌ಎಚ್‌ಎಂ’, ‘ಬ್ಲೂ-ಸ್ಪೆಕ್’ ಎಂಬ ಮುದ್ರೆ. ಈ ಮುದ್ರೆಗಳು ಪ್ಲಾಸ್ಟಿಕ್ಕಿನ ಗುಣ ಮತ್ತು ಅಚ್ಚಿನ ವಿಧಾನ ಹೇಳುತ್ತವೆ, ಅಷ್ಟೆ. ಸಿಡಿಯಲ್ಲಿರುವುದು ಸೆಕೆಂಡಿಗೆ 44,100 ಸಲ ಅಳೆದ 16 ಬಿಟ್ಟಿನ ಅಂಕಿಗಳು. ಒಂದೇ ಮಾಸ್ಟರಿಂಗಿನ ಅಂಕಿ ಮಾಮೂಲಿ ಪ್ಲಾಸ್ಟಿಕ್ಕಿನಲ್ಲಿದ್ದರೂ ಅದೇ, ಹೊಳೆಯುವ ಪ್ಲಾಸ್ಟಿಕ್ಕಿನಲ್ಲಿದ್ದರೂ ಅದೇ. ಜಪಾನಿಗಳು ಹೊಸದಾಗಿ ಮಾಸ್ಟರಿಂಗ್ ಮಾಡಿದ್ದರೆ ಫರಕ್ ಕೇಳಿಸುತ್ತದೆ, ಪ್ಲಾಸ್ಟಿಕ್ಕಿಗಲ್ಲ. ಓಬಿಗೆ ದುಡ್ಡು ಕೊಡುವುದು ನಿಮ್ಮ ಖುಷಿ. ಒಂದೇ ಎಚ್ಚರ: ‘ಎಸ್‌ಎಸಿಡಿ’ (ಬೇರೆ ಪ್ಲೇಯರು ಬೇಡುವ ಇನ್ನೊಂದು ಬಗೆಯ ತಟ್ಟೆ) ಎಂದು ಕಂಡರೆ ‘ಹೈಬ್ರಿಡ್’ ಎಂಬ ಪದವೂ ಇದೆಯೇ ನೋಡಿ. ಹೈಬ್ರಿಡ್ ಆದರೆ ಮಾಮೂಲಿ ಸಿಡಿ ಪದರವೂ ಇರುತ್ತದೆ. ಜಪಾನಿನ ‘ಎಸ್‌ಎಚ್‌ಎಂ-ಎಸ್‌ಎಸಿಡಿ’ಗಳು ಒಂದೇ ಪದರದವು, ನಿಮ್ಮ ಪ್ಲೇಯರಿಗೆ ಹಾಕಿದರೆ ‘ನೋ ಡಿಸ್ಕ್’ ಎಂದು ಹೊರಗೆ ತಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹೊದಿಕೆಯ ಫೋಟೋ ನೋಡಿ ಹಣ ಕಳಿಸಬೇಡಿ. ಮಾರುವವರ ಬಳಿ ಸಿಡಿಯ ಹೊಳೆಯುವ ಬದಿಯಲ್ಲಿ, ನಡುವಿನ ತೂತಿನ ಸುತ್ತ ಇರುವ ಉಂಗುರದ ಫೋಟೋ ಕೇಳಿ. ಅಲ್ಲಿ ಅಚ್ಚಿನ ಸಂಖ್ಯೆ ಇರುತ್ತದೆ. ಅದನ್ನು ರೆಕಾರ್ಡುಗಳ ಪಟ್ಟಿ ಇಡುವ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ಹಾಕಿದರೆ ಯಾವ ದೇಶ, ಯಾವ ಸುತ್ತಿನ ಅಚ್ಚು ಎಂದು ಬಹುಮಟ್ಟಿಗೆ ತಿಳಿಯುತ್ತದೆ. ಅದೇ ಉಂಗುರದಲ್ಲಿ ಸಣ್ಣಕ್ಷರದ ‘ಐಎಫ್‌ಪಿಐ’ ಕೋಡ್ ಹುಡುಕಿ, ಅಚ್ಚು ಹಾಕಿದ ಕಾರ್ಖಾನೆಯ ಗುರುತು ಅದು. ಈ ಪದ್ಧತಿ ಬಂದದ್ದು 1994ರಲ್ಲಿ. ಹಿಂಬದಿಯಲ್ಲಿ 1987 ಎಂದಿದ್ದು ಒಳಗೆ ಈ ಕೋಡ್ ಇದ್ದರೆ, 1987ರ ಮಾಸ್ಟರಿಂಗನ್ನೇ 1994ರ ನಂತರ ಮತ್ತೆ ಅಚ್ಚು ಹಾಕಿದ್ದಾರೆ ಎಂದರ್ಥ. ಕೆಟ್ಟದ್ದೇನಲ್ಲ, ಆದರೆ ‘ಮೊದಲ ಅಚ್ಚು’ ಎಂದು ಜಾಸ್ತಿ ಬೆಲೆ ಹೇಳಿದರೆ ಕೊಡಬೇಡಿ. ಹೊಳೆಯುವ ಬದಿ ಬೆಳ್ಳಿಯ ಬದಲು ಹಸಿರು ಅಥವಾ ನೀಲಿ ಛಾಯೆಯಲ್ಲಿದ್ದರೆ ಅದು ಮನೆಯಲ್ಲೋ ಅಂಗಡಿಯಲ್ಲೋ ಬರ್ನ್ ಮಾಡಿದ ಸಿಡಿ-ಆರ್. ಅದರ ಮೂಲ ಎಂಪಿ3 ಆಗಿದ್ದರೂ ಅಚ್ಚರಿ ಇಲ್ಲ. ಅನುಮಾನವಿದ್ದರೆ ‘ಸ್ಪೆಕ್’ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆಯಿರಿ: 16 ಕಿಲೋಹರ್ಟ್ಜಿನಲ್ಲಿ ಗೋಡೆ ಕಟ್ಟಿದಂತೆ ಎಲ್ಲವೂ ಕತ್ತರಿಸಿ ನಿಂತಿದ್ದರೆ ಎಂಪಿ3.

ಅಂಚೆಯ ಲೆಕ್ಕವೂ ಇದೆ. ಡಬ್ಬಿ ಸಮೇತ ಒಂದು ಸಿಡಿ ಸುಮಾರು 100 ಗ್ರಾಂ, ತಟ್ಟೆ ಮಾತ್ರ 15–16 ಗ್ರಾಂ. ಹೊರದೇಶದಿಂದ ತರಿಸುವಾಗ ಪ್ಲಾಸ್ಟಿಕ್ ಡಬ್ಬಿ ಬೇಡ, ಸಿಡಿ, ಬುಕ್‌ಲೆಟ್ಟು, ಹಿಂಬದಿಯ ಕಾಗದ ಮಾತ್ರ ಕಳಿಸಿ ಎಂದು ಕೇಳಿ. ತೂಕ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ, ದಾರಿಯಲ್ಲಿ ಡಬ್ಬಿಯ ನಡುವಿನ ಹಲ್ಲು ಮುರಿದು ತಟ್ಟೆಗೆ ಗೀರು ಬೀಳುವುದೂ ತಪ್ಪುತ್ತದೆ. ಡಬ್ಬಿ ನಮ್ಮಲ್ಲೇ ಸಿಗುತ್ತದೆ, ಅಳತೆ ಎಲ್ಲ ಕಡೆ ಒಂದೇ. ಕಸ್ಟಮ್ಸ್ ಸುಂಕ ಬೀಳುತ್ತದೆಂದೇ ಲೆಕ್ಕ ಹಾಕಿ ಕೊಳ್ಳಿ, ಬಿಲ್ಲು ಪೊಟ್ಟಣದ ಹೊರಗೆ ಅಂಟಿಸಿರಲಿ. ಹೈದರಾಬಾದಿಗೆ ಹೋದರೆ ಆಬಿಡ್ಸ್‌ನ ರವಿವಾರದ ಹಳೇ ಪುಸ್ತಕದ ಸಂತೆಯಲ್ಲೂ ಒಮ್ಮೆ ಕಣ್ಣಾಡಿಸಿ.

ಅಮೆರಿಕದ ಜಾಝ್ ಕಂಪನಿ ಬ್ಲೂ ನೋಟ್ ಲೇಬಲ್ಲಿನ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು, ಯಾಕೆಂದರೆ ಸಂಗ್ರಹಕಾರರು ಹೆಚ್ಚು ಮುಗ್ಗರಿಸುವುದು ಅಲ್ಲೇ. ಆ ಲೇಬಲ್ಲಿನ ಬಹುಪಾಲು ಹೆಸರಾಂತ ಸೆಷನ್‌ಗಳನ್ನು ಧ್ವನಿಮುದ್ರಿಸಿದವರು ರೂಡಿ ವ್ಯಾನ್ ಗೆಲ್ಡರ್. 1959ರವರೆಗೆ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕಿನಲ್ಲಿ ಅಪ್ಪ-ಅಮ್ಮನ ಮನೆಯ ಪಡಸಾಲೆಯಲ್ಲಿ, ಆಮೇಲೆ ಎಂಗಲ್‌ವುಡ್ ಕ್ಲಿಫ್ಸ್‌ನ ಸ್ವಂತ ಸ್ಟುಡಿಯೋದಲ್ಲಿ. ತಮ್ಮ ಹಳೆಯ ಟೇಪುಗಳನ್ನು ಮುಪ್ಪಿನಲ್ಲಿ ತಾವೇ ಮತ್ತೆ ಮಾಸ್ಟರಿಂಗ್ ಮಾಡಿದರು. ಅದೇ 1999ರಿಂದ ಅಮೆರಿಕದಲ್ಲಿ ಬಂದ ‘ಆರ್‌ವಿಜಿ ಎಡಿಷನ್’. ಧ್ವನಿಮುದ್ರಿಸಿದವರೇ ಮಾಡಿದ್ದು ಎಂದ ಮಾತ್ರಕ್ಕೆ ಅದೇ ಅಂತಿಮವಲ್ಲ. ಅವುಗಳಲ್ಲಿ ಎಡ-ಬಲದ ಅಗಲ ನಡುವಿಗೆ ಸರಿದಿದೆ, ದನಿ ಜೋರಾಗಿದೆ. ಮೊಬೈಲಿನ ಇಯರ್‌ಫೋನಿಗೆ ಹಿತ; ಒಳ್ಳೆಯ ಸ್ಪೀಕರಿನ ಮುಂದೆ ಕುಳಿತು ಕೇಳುವವರಿಗೆ ರಾನ್ ಮ್ಯಾಕ್‌ಮಾಸ್ಟರ್ ಮಾಡಿದ ಹಿಂದಿನ ಸಿಡಿಗಳು ಎಷ್ಟೋ ಸಲ ಹೆಚ್ಚು ತೆರೆದುಕೊಂಡಂತೆ ಕೇಳಿಸುತ್ತವೆ, ಮತ್ತು ಅಗ್ಗ. ‘ಮೊನೊ’ (ಎಡ-ಬಲ ಬೇರೆ ಮಾಡದ ಒಂದೇ ದನಿ) ಎಂಬ ಮಾತಿಗೂ ಮರುಳಾಗಬೇಡಿ. 1958ರ ಕೊನೆಯಿಂದ ವ್ಯಾನ್ ಗೆಲ್ಡರ್ ಈ ಲೇಬಲ್ಲಿಗೆ ಸ್ಟೀರಿಯೊ ಟೇಪು ಮಾತ್ರ ಓಡಿಸುತ್ತಿದ್ದರು. ಆಮೇಲಿನ ಮೊನೊ ಎಲ್ಪಿಗಳು ಅದರ ಎರಡೂ ಬದಿ ಕೂಡಿಸಿ ಕೊರೆದವು. ಆ ಮೊನೊ ಬೇಕೆಂದರೆ ಆಂಪ್ಲಿಫೈಯರಿನ ಮೊನೊ ಗುಂಡಿ ಒತ್ತಿದರೆ ಆಯಿತು, ಬೇರೆ ಸಿಡಿ ಬೇಡ.

ಇನ್ನು ಬೋನಸ್ ಟೇಕುಗಳು. ಕೆಲವು ಸಿಡಿಗಳಲ್ಲಿ ಒಂದೇ ರಚನೆಯನ್ನು ಬೆನ್ನಿಗೆ ಬೆನ್ನು ಮೂರು ಸಲ ಕೇಳಬೇಕಾಗುತ್ತದೆ. ಮೆಹಫಿಲಿನಲ್ಲಿ ಗವಾಯಿಯೊಬ್ಬರು ಅದೇ ಬಂದಿಶ್ ಮೂರು ಸಲ ಮೊದಲಿನಿಂದ ಹಾಡಿದರೆ ಹೇಗೋ ಹಾಗೆ. ಪ್ಲೇಯರಿನ ‘ಪ್ರೋಗ್ರಾಂ’ ಗುಂಡಿ ಇರುವುದು ಇಂಥದಕ್ಕೇ: ಎಲ್ಪಿಯ ಕ್ರಮ ಹಾಕಿ ಕೇಳಿ, ಮಿಕ್ಕ ಟೇಕುಗಳನ್ನು ಬೇರೆ ದಿನ ಹೋಲಿಸಿ.

ಎರಡನೆಯ ಪ್ರಶ್ನೆಗೆ ಬರೋಣ. ‘ಬಂದಿಲ್ಲ’ ಎಂಬ ಒಂದೇ ಪದದ ಹಿಂದೆ ನಾಲ್ಕು ಬೇರೆ ಬೇರೆ ಸ್ಥಿತಿಗಳಿವೆ. ಡಿಸ್ಕೋಗ್ರಫಿಯಲ್ಲಿ, ಅಂದರೆ ಧ್ವನಿಮುದ್ರಣಗಳ ಸೂಚಿಯಲ್ಲಿ, ಪ್ರತಿ ಸೆಷನ್ನಿನ ತಾರೀಖು, ಜಾಗ, ನುಡಿಸಿದವರು, ಟೇಕುಗಳ ಸಂಖ್ಯೆ ಇರುತ್ತವೆ, ಎದುರಿಗೆ ಒಂದು ಮಾತು. ‘ರಿಜೆಕ್ಟೆಡ್’ ಎಂದಿದ್ದರೆ ಕಲಾವಿದರೋ ನಿರ್ಮಾಪಕರೋ ಬೇಡವೆಂದದ್ದು. ಹಲವು ಸಲ ಆ ಟೇಪಿನ ಮೇಲೆಯೇ ಮತ್ತೊಂದು ಬರೆದಿರುತ್ತಾರೆ. ‘ಅನ್‌ಇಶ್ಯೂಡ್’ ಎಂದಿದ್ದರೆ ಕಡತದಲ್ಲಿ ಹೆಸರಿದೆ, ಹೊರಗೆ ಬಂದಿಲ್ಲ. ಟೇಪು ಇರಬಹುದು, ಇಲ್ಲದಿರಬಹುದು. ಟೇಪು ಸುಟ್ಟದ್ದೋ ಎಸೆದದ್ದೋ ಖಚಿತವಿದ್ದರೆ ಅದು ಮೂರನೆಯದು. ನಾಲ್ಕನೆಯದು, ಎಂದೋ ಎಲ್ಪಿಯಾಗಿ ಬಂದು ಸಿಡಿಗೆ ಮಾತ್ರ ಬಾರದ್ದು. ಈ ನಾಲ್ಕನೆಯದರಲ್ಲಿ ಆಸೆಗೆ ಎಲ್ಲಕ್ಕಿಂತ ಹೆಚ್ಚು ಜಾಗ ಇದೆ.

ಅಟ್ಲಾಂಟಿಕ್ ಲೇಬಲ್ಲಿನ ಮಿಕ್ಕ ಟೇಕುಗಳಿಗೆ ಕಾಯುವುದನ್ನು ಇಂದೇ ಬಿಡಿ. 1978ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚಿನಲ್ಲಿದ್ದ ಅವರ ಗೋದಾಮು ಸುಟ್ಟಿತು. ಪ್ರಕಟವಾದ ಆಲ್ಬಮ್ಮುಗಳ ಮಾಸ್ಟರುಗಳು ಬೇರೆಡೆ ಇದ್ದು ಉಳಿದವು, ಪ್ರಕಟವಾಗದ ರೀಲುಗಳ ರಾಶಿ ಬೂದಿಯಾಯಿತು. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಆ ಲೇಬಲ್ಲಿಗೆ 1959ರಿಂದ 1961ರವರೆಗೆ ನುಡಿಸಿದ್ದರಲ್ಲಿ ಮಿಕ್ಕ ಟೇಕುಗಳು ಅಷ್ಟು ಕಡಿಮೆ ಸಿಗುವುದು ಅದಕ್ಕೇ. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಆವರಣದಲ್ಲಿ ಬಿದ್ದ ಬೆಂಕಿ ಇನ್ನೊಂದು. ಅಲ್ಲಿ ಎಷ್ಟು ಹೋಯಿತೆಂಬ ಬಗ್ಗೆ ಜಗಳ ಮುಗಿದಿಲ್ಲ.

ಬೆಂಕಿಗಿಂತ ಕೆಟ್ಟ ಶತ್ರು ಬಾಡಿಗೆ. ಕೋಲ್ಟ್ರೇನರ ಚತುಷ್ಟಯ 1963ರ ಮಾರ್ಚ್ 6ರಂದು ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಒಂದು ಪೂರ್ತಿ ಆಲ್ಬಮ್ಮಿನಷ್ಟು ನುಡಿಸಿತ್ತು. ಇಂಪಲ್ಸ್ ಲೇಬಲ್ಲು 1970ರ ದಶಕದಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಹೋದಾಗ ಗೋದಾಮಿನ ಖರ್ಚು ಉಳಿಸಲು ಎಸೆದ ಟೇಪುಗಳಲ್ಲಿ ಅದರ ಮಾಸ್ಟರೂ ಹೋಯಿತೆಂದು ನಂಬಲಾಗಿದೆ. ಆದರೆ ಮನೆಗೆ ಒಯ್ದು ಕೇಳಲೆಂದು ಕೋಲ್ಟ್ರೇನರಿಗೆ ಕೊಟ್ಟಿದ್ದ ಮೊನೊ ಪ್ರತಿ ಮೊದಲ ಹೆಂಡತಿ ನೈಮಾರ ಕುಟುಂಬದಲ್ಲಿ ಉಳಿದಿತ್ತು. 2018ರಲ್ಲಿ ಅದು ‘ಬೋತ್ ಡೈರೆಕ್ಷನ್ಸ್ ಅಟ್ ಒನ್ಸ್’ ಆಗಿ ಬಂತು. ಒಂದು ಸಿಡಿಯ ಅಚ್ಚಿನಲ್ಲಿ 7 ಟ್ರ್ಯಾಕು, ಎರಡು ಸಿಡಿಯದರಲ್ಲಿ 14. ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಮತ್ತು ಕೋಲ್ಟ್ರೇನ್ ಕೂಡಿ 1957ರ ನವೆಂಬರ್ 29ರಂದು ಕಾರ್ನೆಗಿ ಹಾಲಿನಲ್ಲಿ ನುಡಿಸಿದ್ದನ್ನು ವಾಯ್ಸ್ ಆಫ್ ಅಮೆರಿಕ ಬಾನುಲಿಯವರು ಧ್ವನಿಮುದ್ರಿಸಿದ್ದರು. ಆ ಟೇಪು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕಪಾಟಿನಲ್ಲೇ ಇತ್ತು. 2005ರಲ್ಲಿ ಅಲ್ಲಿಯ ಲ್ಯಾರಿ ಆಪಲ್‌ಬಾಮ್ ಕಣ್ಣಿಗೆ ಬಿದ್ದು ಅದೇ ವರ್ಷ ಸಿಡಿಯಾಯಿತು. 1961ರ ವಿಲೇಜ್ ಗೇಟ್ ಕ್ಲಬ್ಬಿನ ಕೋಲ್ಟ್ರೇನ್–ಎರಿಕ್ ಡಾಲ್ಫಿ ಟೇಪು ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಕ್ಕು 2023ರಲ್ಲಿ ಬಂತು.

ಈ ಮೂರರಲ್ಲಿ ಒಂದೂ ಕಂಪನಿಯ ಕೋಣೆಯಿಂದ ಬಂದದ್ದಲ್ಲ ಎಂಬುದನ್ನು ಗಮನಿಸಿ. ಮನೆ, ಬಾನುಲಿ, ಗ್ರಂಥಾಲಯ. ಕಂಪನಿಗಳ ಕೋಣೆಗಳನ್ನು ಸಂಶೋಧಕರು ಐವತ್ತು ವರ್ಷದಿಂದ ಜಾಲಾಡಿದ್ದಾರೆ. ಬ್ಲೂ ನೋಟ್ ಕೋಣೆಯನ್ನಂತೂ ನಿರ್ಮಾಪಕ ಮೈಕೇಲ್ ಕಸ್ಕುನಾ 1970ರ ದಶಕದಲ್ಲೇ ಗುಡಿಸಿ ತೆಗೆದರು. ಹಾಗಾಗಿ ಸ್ಟುಡಿಯೋ ಸೆಷನ್ನಿಗಿಂತ ಬಾನುಲಿ ಮತ್ತು ಕ್ಲಬ್ಬಿನ ಟೇಪುಗಳ ಮೇಲೆ ಆಸೆ ಇಡುವುದು ಜಾಣತನ. ಧಾರವಾಡ, ಮುಂಬಯಿಯ ಖಾಸಗಿ ಮೆಹಫಿಲುಗಳ ಸ್ಪೂಲುಗಳು ಯಾರದೋ ಅಟ್ಟದಿಂದ ಹೊರಬರುವುದನ್ನು ಕಂಡ ನಿಮಗೆ ಇದು ಹೊಸದೇನಲ್ಲ.

ಅಂಥ ಟೇಪುಗಳ ಗುಣವೂ ಹಾಗೇ ಇರುತ್ತದೆ, ತಯಾರಾಗಿರಿ. ಡೀನ್ ಬೆನೆಡೆಟ್ಟಿ ಎಂಬಾತ 1947–48ರಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರರ ಹಿಂದೆ ಯಂತ್ರ ಹೊತ್ತು ತಿರುಗಿದ. ತಟ್ಟೆ, ಕಾಗದದ ಟೇಪು ಉಳಿಸಲು ಪಾರ್ಕರ್ ನುಡಿಸುವಾಗ ಮಾತ್ರ ಯಂತ್ರ ಓಡಿಸಿ, ಬೇರೆಯವರ ಸರದಿ ಬಂದ ಕೂಡಲೆ ನಿಲ್ಲಿಸುತ್ತಿದ್ದ. 1990ರಲ್ಲಿ ಅದು 7 ಸಿಡಿಗಳ ಪೆಟ್ಟಿಗೆಯಾಗಿ ಬಂತು. ಅಭ್ಯಾಸಿಗೆ ಅದು ಗಣಿ. ಸಂಜೆ ಚಹಾದ ಜೊತೆ ಕೇಳಲು ಕುಳಿತವರಿಗೆ ಪಲ್ಲವಿಯಿಲ್ಲದ ತಾನಗಳ ತುಂಡುಗಳು.

ಟೇಪು ಸಿಕ್ಕರೂ ಕೆಲಸ ಮುಗಿಯದು. ಅಂದು ಕಲಾವಿದ ಬೇರೆ ಲೇಬಲ್ಲಿನ ಕರಾರಿನಲ್ಲಿದ್ದರೆ ಆ ಲೇಬಲ್ಲು ಒಪ್ಪಬೇಕು, ಜೊತೆಗೆ ನುಡಿಸಿದ ಒಬ್ಬೊಬ್ಬರ ವಾರಸುದಾರರಿಗೂ ಹಣ ಸಲ್ಲಬೇಕು. ಪಿಯಾನೊ ವಾದಕ ಬಿಲ್ ಎವನ್ಸ್ 1968ರ ಜೂನ್ 20ರಂದು ಜರ್ಮನಿಯ ವಿಲಿಂಗೆನ್ನಿನಲ್ಲಿ ಧ್ವನಿಮುದ್ರಿಸಿದ ಸ್ಟುಡಿಯೋ ಸೆಷನ್ ಹೊರಬಂದದ್ದು 2016ರಲ್ಲಿ. ಟೇಪು ಕಳೆದಿರಲಿಲ್ಲ, ಎವನ್ಸ್ ಆಗ ಬೇರೆ ಕಂಪನಿಯ ಕಲಾವಿದ.

ಟೀನಾ ಬ್ರೂಕ್ಸ್ ಕಥೆ ಇನ್ನೊಂದು ಬಗೆ. ಈ ಟೆನರ್ ಸ್ಯಾಕ್ಸೊಫೋನ್ ವಾದಕ 1958ರಿಂದ 1961ರ ನಡುವೆ ಬ್ಲೂ ನೋಟಿಗೆ ನಾಲ್ಕು ಆಲ್ಬಮ್ಮುಗಳಷ್ಟು ನುಡಿಸಿದರು. ಬದುಕಿದ್ದಾಗ ಬಂದದ್ದು ಒಂದೇ, ‘ಟ್ರೂ ಬ್ಲೂ’. ‘ಬ್ಯಾಕ್ ಟು ದ ಟ್ರ್ಯಾಕ್ಸ್’ಗೆ 4052 ಎಂಬ ಸಂಖ್ಯೆ ಕೊಟ್ಟು ಜಾಹೀರಾತೂ ಹಾಕಿ ಕೈಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 1974ರಲ್ಲಿ ಅವರು ತೀರಿಕೊಂಡರು, 1985ರಲ್ಲಿ, ಹಳೆಯ ಸೆಷನ್ನುಗಳನ್ನು ಪೆಟ್ಟಿಗೆ ಸೆಟ್ಟಾಗಿ ತರುವ ಮೊಸೈಕ್ ಸಂಸ್ಥೆ ನಾಲ್ಕನ್ನೂ ಕೂಡಿಸಿ ಎಲ್ಪಿ ಪೆಟ್ಟಿಗೆ ತಂದಿತು, ಆಮೇಲೆ ಬಿಡಿ ಸಿಡಿಗಳೂ ಬಂದವು. ಯಾವುದೋ ದೊಡ್ಡ ಲೇಬಲ್ಲಿನ ಒಳ್ಳೆಯ ಟೇಪು, ಹಕ್ಕಿನ ತಕರಾರಿಲ್ಲ, ಕಲಾವಿದನ ಹೆಸರು ಮಾತ್ರ ಸಣ್ಣದು ಎಂದಾದರೆ ತಡವಾದರೂ ಬರುತ್ತದೆ.

ಮೊಸೈಕ್ ಪೆಟ್ಟಿಗೆಗಳನ್ನು ಕೊಳ್ಳಬೇಕೋ ಕಾಯಬೇಕೋ ಎಂಬುದಕ್ಕೆ ನನ್ನ ಮಾತು ಹೀಗೆ. 1980ರ ದಶಕದ ಆರಂಭದಲ್ಲಿ ಕಸ್ಕುನಾ ಮತ್ತು ಚಾರ್ಲಿ ಲೂರಿ ಶುರುಮಾಡಿದ ಈ ಸಂಸ್ಥೆ ಬೇರೆ ಕಂಪನಿಗಳಿಂದ ಇಂತಿಷ್ಟೇ ಪ್ರತಿಗಳಿಗೆ ಮಾತ್ರ ಪರವಾನಗಿ ಪಡೆಯುತ್ತದೆ. ಎಷ್ಟೋ ಸೆಟ್ಟುಗಳ ಮಿತಿ 5,000. ಮುಗಿದರೆ ಮರುಮುದ್ರಣ ಇಲ್ಲ, ಮರುದಿನವೇ ಬೆಲೆ ಏರುತ್ತದೆ. ಆದ್ದರಿಂದ 78ರ ಕಾಲದ ತಟ್ಟೆಗಳು, ಬಾನುಲಿ ಟೇಪುಗಳು ಇರುವ ಸೆಟ್ಟಾದರೆ ಇರುವಾಗಲೇ ಕೊಳ್ಳಿ. ಅಷ್ಟು ಕೆಲಸ ಇನ್ನೊಬ್ಬರು ಮತ್ತೆ ಮಾಡುವುದು ಅಪರೂಪ. ಬಿಲ್ ಸೇವರಿ 1930ರ ದಶಕದ ಬಾನುಲಿಯಿಂದ ಎತ್ತಿಟ್ಟ ತಟ್ಟೆಗಳ 6 ಸಿಡಿಯ ಸೆಟ್ಟು ಅಂಥದು. 1960ರ ದಶಕದ ಬ್ಲೂ ನೋಟ್ ಸ್ಟುಡಿಯೋ ಸೆಷನ್ನಾದರೆ ಕಾಯಬಹುದು, ಬಿಡಿಬಿಡಿಯಾಗಿ ಬರುವ ಸಾಧ್ಯತೆ ಚೆನ್ನಾಗಿದೆ. ಹಳೆಯ ಟೇಪುಗಳನ್ನು ಹುಡುಕಿ ತರುವ ಈಗಿನ ಲೇಬಲ್ಲುಗಳು ರೆಕಾರ್ಡ್ ಅಂಗಡಿಗಳ ಹಬ್ಬವಾದ ‘ರೆಕಾರ್ಡ್ ಸ್ಟೋರ್ ಡೇ’ಗೆಂದು ಏಪ್ರಿಲ್ ಮತ್ತು ನವೆಂಬರಿನಲ್ಲಿ ಮೊದಲು ಎಲ್ಪಿ ತರುತ್ತವೆ. ಎಲ್ಪಿ ಮಾತ್ರ ಕಂಡು ಎದೆ ಒಡೆದುಕೊಳ್ಳಬೇಡಿ, ಸಿಡಿ ಹಲವು ಸಲ ಒಂದೆರಡು ವಾರದೊಳಗೆ ಹಿಂದೆಯೇ ಬರುತ್ತದೆ.

ಹುಡುಕಾಟದಲ್ಲಿ ನಮ್ಮವರನ್ನೂ ಮರೆಯಬೇಡಿ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮತ್ತು ಗಾಯಕಿ ಆರ್. ಎ. ರಮಾಮಣಿ ಅವರೊಂದಿಗೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನುಡಿಸಿದ ‘ಜ್ಯೋತಿ’ 1983ರಲ್ಲಿ ಜರ್ಮನಿಯ ಇಸಿಎಂ ಲೇಬಲ್ಲಿನಲ್ಲಿ ಬಂತು. ಕದ್ರಿ ಗೋಪಾಲನಾಥರು ರುದ್ರೇಶ್ ಮಹಾಂತಪ್ಪ ಜೊತೆ ನುಡಿಸಿದ ‘ಕಿನ್ಸ್‌ಮೆನ್’ 2008ರದು. ಇವನ್ನು ಅಂಗಡಿಯವರು ಒಮ್ಮೆ ಜಾಝಿನಲ್ಲಿ, ಒಮ್ಮೆ ‘ವರ್ಲ್ಡ್ ಮ್ಯೂಸಿಕ್’ ಸಾಲಿನಲ್ಲಿ ಇಡುತ್ತಾರೆ. ಎರಡೂ ಕಡೆ ನೋಡಿ.

ಕೊನೆಯದು ಕಂದು ಅಂಚು. ಇದಕ್ಕೆ ಕಲಬುರಗಿಯ ಬಿಸಿಲು ಮೂಲ ಕಾರಣವಲ್ಲ. ಸಿಡಿಯ ಹೊಳೆಯುವ ಬದಿಯಲ್ಲಿ, ತೂತಿನ ಸುತ್ತಿನ ಉಂಗುರದಲ್ಲಿ ‘ಮೇಡ್ ಇನ್ ಯು.ಕೆ. ಬೈ ಪಿಡಿಓ’ ಎಂದಿದೆಯೇ ನೋಡಿ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನಿನ ಆ ಕಾರ್ಖಾನೆಯಲ್ಲಿ 1988ರಿಂದ 1993ರವರೆಗೆ ಅಚ್ಚಾದ ಹಲವು ಸಿಡಿಗಳ ಮೇಲ್ಪದರದ ಮೆರುಗೆಣ್ಣೆ, ಬುಕ್‌ಲೆಟ್ ಕಾಗದದಿಂದ ಬರುವ ಗಂಧಕವನ್ನು ತಡೆಯಲಿಲ್ಲ. ಒಳಗಿನ ಲೋಹ ಕಪ್ಪಿಡುತ್ತ ಅಂಚಿನಿಂದ ಒಳಕ್ಕೆ ಕಂದಾಗುತ್ತದೆ, ಬೆಳ್ಳಿ ಉಡಿದಾರ ಕಪ್ಪಾಗುವ ಹಾಗೆ. ಇದಕ್ಕೆ ಔಷಧವಿಲ್ಲ. ಆದರೆ ಬಿಸಿ, ಸೆಕೆ ಯಾವ ರಾಸಾಯನಿಕ ಕ್ರಿಯೆಯನ್ನಾದರೂ ಚುರುಕು ಮಾಡುತ್ತದೆ. ಸಂಗ್ರಹಾಲಯಗಳ ಮಾನದಂಡ ಹೇಳುವುದು 25 ಡಿಗ್ರಿಗಿಂತ ಕಡಿಮೆ ಬಿಸಿ, ಶೇ. 20ರಿಂದ 50 ತೇವಾಂಶ. ಮೇ ತಿಂಗಳಲ್ಲಿ 42–43 ಡಿಗ್ರಿ ಕಾಣುವ ಊರಿನಲ್ಲಿ ಅದು ಆಗದ ಮಾತು. ಆದರೂ ಆರ್‌ಸಿಸಿ ಚಾವಣಿಯ ಮೇಲಿನ ಕೋಣೆ, ಪಡುವಣ ಗೋಡೆಗೆ ಕಟ್ಟಿದ ಶಹಾಬಾದಿ ಕಲ್ಲಿನ ಕಪಾಟು ಎರಡನ್ನೂ ಬಿಡಿ. ಕಲ್ಲು ಹಗಲೆಲ್ಲ ಕಾದು ರಾತ್ರಿ ತನಕ ಬಿಸಿ ಬಿಡುತ್ತದೆ. ಕೆಳಮನೆಯ ಒಳಗೋಡೆಗೆ, ನೆಲದಿಂದ ಒಂದಡಿ ಮೇಲೆ, 15 ಸೆಂಟಿಮೀಟರ್ ಆಳದ ಮರದ ಕಪಾಟು ಸಾಕು. ಡಬ್ಬಿಯ ದಪ್ಪ 10.4 ಮಿಲಿಮೀಟರ್, ಅಂದರೆ 100 ಸಿಡಿಗೆ 1 ಮೀಟರ್ 4 ಸೆಂಟಿಮೀಟರ್ ಉದ್ದ. ಮುಚ್ಚುವ ಬಾಗಿಲಿರಲಿ, ನಮ್ಮ ಕಡೆಯ ಧೂಳು ಗೊತ್ತಲ್ಲ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ತಾಸೂ ಬೇಡ. ಹಳೆಯ ಎರಡು ಸಿಡಿಯ ದಪ್ಪ ಡಬ್ಬಿಗಳಲ್ಲಿ ಸ್ಪಂಜಿನ ತುಂಡು ಇದ್ದರೆ ಇಂದೇ ತೆಗೆದು ಎಸೆಯಿರಿ. ಅದು ಕರಗಿ ಅಂಟಿ ಸಿಡಿಯ ಮೇಲ್ಪದರ ತಿನ್ನುತ್ತದೆ. ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಎಳೆಯಿರಿ, ಸುತ್ತು ತಿರುಗಿಸಬೇಡಿ. ಹೊಳೆಯುವ ಬದಿಯ ಗೀರು ಪಾಲಿಶಿಗೆ ಹೋಗಬಹುದು. ಹೆಸರು ಅಚ್ಚಾದ ಬದಿಯ ಗೀರಿಗೆ ಉಪಾಯವಿಲ್ಲ, ಲೋಹ ಇರುವುದು ಆ ಬದಿಗೇ, ತೆಳು ಮೆರುಗೆಣ್ಣೆಯ ಕೆಳಗೆ.

ಕಂದು ತಿರುಗಿದ ಸಿಡಿಯನ್ನು ಈ ವಾರವೇ ಕಂಪ್ಯೂಟರಿಗೆ ಇಳಿಸಿ. ವಿಂಡೋಸ್ ಆದರೆ ‘ಎಕ್ಸಾಕ್ಟ್ ಆಡಿಯೊ ಕಾಪಿ’ ಎಂಬ ಸಾಫ್ಟ್‌ವೇರ್ ಹಾಕಿ, ‘ಸೆಕ್ಯೂರ್’ ಮೋಡಿನಲ್ಲಿ, ದನಿ ಏನೂ ಕಳೆಯದ ಫ್ಲ್ಯಾಕ್ ರೂಪದಲ್ಲಿ. ‘ಆಕ್ಯುರೇಟ್‌ರಿಪ್’ ಆನ್ ಇರಲಿ. ಬೇರೆಯವರು ಇಳಿಸಿದ ಅದೇ ಅಚ್ಚಿನ ಅಂಕಿಗಳೊಂದಿಗೆ ಹೋಲಿಸಿ, ನಿಮ್ಮದರಲ್ಲಿ ಒಂದು ಬಿಟ್ಟು ತಪ್ಪಿದರೂ ಹೇಳುತ್ತದೆ. 1980ರ ದಶಕದ ಜಪಾನಿ ಸಿಡಿಯಾದರೆ ‘ಪ್ರೀ-ಎಂಫಸಿಸ್’ ಕಾಲಮ್ಮಿನಲ್ಲಿ ‘ಯೆಸ್’ ಇದೆಯೇ ನೋಡಿ. ಆ ಕಾಲದ ಕೆಲವು ಸಿಡಿಗಳಲ್ಲಿ ತಾರಸ್ವರ ಏರಿಸಿ ಬರೆದಿರುತ್ತಾರೆ, ಪ್ಲೇಯರು ತಾನಾಗಿ ತಗ್ಗಿಸುತ್ತದೆ, ಕಂಪ್ಯೂಟರು ತಗ್ಗಿಸುವುದಿಲ್ಲ; ಫೈಲು ಕಿವಿ ಚುಚ್ಚುತ್ತದೆ. ‘ಸಾಕ್ಸ್’ ಎಂಬ ಸಾಧನದ ‘ಡೀಎಂಫ್’ ಆಜ್ಞೆ ಅದನ್ನು ಸರಿಮಾಡುತ್ತದೆ. ನಿಮ್ಮ 60 ಸಿಡಿಗೆ 20 ಜಿಬಿ ಆಸುಪಾಸು ಸಾಕು, ಎರಡು ಕಡೆ ಪ್ರತಿ ಇಡಿ.

ಗಾಬರಿ ಬೇಡ, ಸಮಯ ಇದ್ದೀತು. ಎಲ್ಪಿ ಹೊರಗಿನಿಂದ ಒಳಕ್ಕೆ ಓಡಿದರೆ ಸಿಡಿ ಒಳಗಿನಿಂದ ಹೊರಕ್ಕೆ ಓಡುತ್ತದೆ. ಸಂಗೀತ ನಡುವಿನಿಂದ 25 ಮಿಲಿಮೀಟರಿನಲ್ಲಿ ಶುರುವಾಗುತ್ತದೆ. 74 ನಿಮಿಷದ ಸಿಡಿಯಾದರೆ 58ರವರೆಗೆ ಹೋಗುತ್ತದೆ, ಎಲ್ಪಿಯಷ್ಟೇ 40 ನಿಮಿಷದ್ದಾದರೆ ಸುಮಾರು 46ಕ್ಕೆ ನಿಲ್ಲುತ್ತದೆ. ಬೆಳಕಿಗೆ ಹಿಡಿದರೆ ಬರೆದ ಭಾಗ ಮತ್ತು ಬರಿದಾದ ಭಾಗದ ಗೆರೆ ಕಣ್ಣಿಗೇ ಕಾಣುತ್ತದೆ. ಅಂದರೆ 40 ನಿಮಿಷದ ಸಿಡಿಯಲ್ಲಿ ಅಂಚಿನಿಂದ 14 ಮಿಲಿಮೀಟರ್ ಒಳಗೆ ಬರುವವರೆಗೆ ಆ ಕಂದು ಸಂಗೀತವನ್ನು ಮುಟ್ಟುವುದಿಲ್ಲ. ಬೋನಸ್ ಟೇಕು ತುಂಬಿ 70 ನಿಮಿಷ ಮಾಡಿದ ಸಿಡಿಯಾದರೆ 3 ಮಿಲಿಮೀಟರ್ ದಾಟುವಷ್ಟರಲ್ಲಿ ಖರಖರ ಶುರು. ಮೊದಲು ಹೋಗುವುದು ಕಟ್ಟಕಡೆಯ ಆಲ್ಟರ್ನೇಟ್ ಟೇಕು.